ಹತ್ತು ಗಂಟೆಗೆ ಸುತ್ತುವ ಚಕ್ರ, ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ



ಊರಿಗೆ ಹೊರಡುವ ದಿನ ಹತ್ತಿರ ಬಂತೆಂದರೆ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೇ ಸಿದ್ಧತೆ ಶುರುವಾಗುತ್ತದೆ. ಒಬ್ಬರು ಲ್ಯಾಪ್‌ಟಾಪ್ ಮುಂದೆ, ಇನ್ನೊಬ್ಬರು ಮೊಬೈಲ್ ಹಿಡಿದು, ಮೂರನೆಯವರು ಗಡಿಯಾರ ನೋಡುತ್ತಾ. ಕರ್ನಾಟಕ ಎಕ್ಸ್‌ಪ್ರೆಸ್‌ನ ಎ.ಸಿ. ತತ್ಕಾಲ್ ತೆರೆಯುವುದು ಹತ್ತಕ್ಕೆ, ಸ್ಲೀಪರ್ ಹನ್ನೊಂದಕ್ಕೆ. ಹತ್ತು ಹೊಡೆಯುತ್ತದೆ, ಗುಂಡಿ ಒತ್ತುತ್ತೀರಿ, ಪರದೆಯ ಮೇಲೆ ಚಕ್ರ ಸುತ್ತಲು ತೊಡಗುತ್ತದೆ. ಸುತ್ತಿ ಸುತ್ತಿ ಕೊನೆಗೆ ಯಾವುದೋ ಒಂದು ಇಂಗ್ಲಿಷ್ ಸಾಲು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಬಯ್ಯುವುದು ಇಂಟರ್‌ನೆಟ್ಟಿಗೆ.

ಆದರೆ ಹೆಚ್ಚಿನ ಸಲ ತಪ್ಪು ಇಂಟರ್‌ನೆಟ್ಟಿನದಲ್ಲ. ನೋಯ್ಡಾ, ಗುರುಗ್ರಾಮದ ಕಚೇರಿಗಳಲ್ಲಿ ಇಂಥ ಜಾಲತಾಣಗಳನ್ನು ಕಟ್ಟುವ, ಕಾಯುವ ಕೆಲಸದಲ್ಲಿರುವ ನಮ್ಮ ಕೇಳುಗರಿಗೆ ಇದು ಗೊತ್ತಿರುವ ವಿಷಯ. ಗೊತ್ತಿಲ್ಲದವರಿಗೂ, ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೂ ಈ ಸಲದ ಲೇಖನ. ಜಾಲತಾಣದ ಹಿಂಬದಿಯಲ್ಲಿ, ಅಂದರೆ ಸರ್ವರ್‌ನಲ್ಲಿ, ಕೆಟ್ಟದ್ದು ಏನು, ಎಲ್ಲಿ ಎಂದು ಕಂಡುಹಿಡಿಯುವುದು ಹೇಗೆ? ದೋಷ ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಇಡೀ ಕಷ್ಟ ಇರುವುದು ಇಲ್ಲೇ.

ಪರದೆಯ ಹಿಂದಿನ ದಾರಿ

ನೀವು ಒತ್ತಿದ ಗುಂಡಿಯ ಕೋರಿಕೆ ಮೊದಲು ಹೋಗುವುದು ಮುಂಬಾಗಿಲಿನ ವೆಬ್ ಸರ್ವರ್‌ಗೆ. ಎಂಜಿನ್‌ಎಕ್ಸ್ ಅಥವಾ ಅಪಾಚೆ ಅಲ್ಲಿ ಕಾವಲುಗಾರನಂತೆ ನಿಂತಿರುತ್ತದೆ. ಅದು ಕೋರಿಕೆಯನ್ನು ಒಳಗಿನ ಅಪ್ಲಿಕೇಷನ್‌ಗೆ ದಾಟಿಸುತ್ತದೆ. ಜಾವಾ, ಪಿಎಚ್‌ಪಿ, ಪೈಥಾನ್ ಯಾವುದರಲ್ಲಾದರೂ ಬರೆದಿರಲಿ, ಲೆಕ್ಕಾಚಾರ ನಡೆಯುವುದು ಅಲ್ಲಿ. ಅಪ್ಲಿಕೇಷನ್ ಡೇಟಾಬೇಸ್ ಅನ್ನು ಕೇಳುತ್ತದೆ. ಬೇಕಾದರೆ ಬ್ಯಾಂಕಿನ ಸರ್ವರ್, ಎಸ್‌ಎಂಎಸ್ ಕಳಿಸುವ ಸರ್ವರ್, ಹೀಗೆ ಪರರ ಮನೆಯ ಬಾಗಿಲನ್ನೂ ತಟ್ಟುತ್ತದೆ. ಉತ್ತರ ಇದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು.

ರೈಲು ಟಿಕೆಟ್ಟಿನ ವಿಷಯದಲ್ಲಿ ಈ ದಾರಿ ಇನ್ನೂ ಉದ್ದ. ಗಣಕೀಕೃತ ಮುಂಗಡ ಕಾಯ್ದಿರಿಸುವಿಕೆ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು 1985ರಲ್ಲಿ. ರೈಲ್ವೆಯ ತಂತ್ರಾಂಶ ನೋಡಿಕೊಳ್ಳುವ ಕ್ರಿಸ್ ಸಂಸ್ಥೆ ಹುಟ್ಟಿದ್ದು 1986ರಲ್ಲಿ. ಅದರ ಕಚೇರಿ ಇರುವುದು ಚಾಣಕ್ಯಪುರಿಯಲ್ಲಿ, ನಮ್ಮ ಕರ್ನಾಟಕ ಭವನವಿರುವ ಬಡಾವಣೆಯಲ್ಲೇ. ಐಆರ್‌ಸಿಟಿಸಿ ಅಂತರಜಾಲದಲ್ಲಿ ಟಿಕೆಟ್ ಕೊಡಲು ತೊಡಗಿದ್ದು 2002ರಲ್ಲಿ. ಆಗ ಟಿಕೆಟ್ಟು ಕೊರಿಯರ್ ಮೂಲಕ ಮನೆಗೆ ಬರುತ್ತಿತ್ತು, ನೆನಪಿರಬಹುದು. ಹಾಗಾಗಿ ನೀವು ನೋಡುವ ಜಾಲತಾಣ ಬೇರೆ, ಅದರ ಹಿಂದೆ ಬರ್ತ್ ಹಂಚುವ ವ್ಯವಸ್ಥೆ ಬೇರೆ. ಒಂದು ಇನ್ನೊಂದನ್ನು ಕೇಳಿ ಉತ್ತರ ತರಬೇಕು.

2014ರ ಜುಲೈ 8ರಂದು ರೈಲ್ವೆ ಬಜೆಟ್ ಮಂಡಿಸಿದವರು ನಮ್ಮವರೇ ಆದ ಡಿ.ವಿ. ಸದಾನಂದ ಗೌಡರು. ನಿಮಿಷಕ್ಕೆ 2,000 ಟಿಕೆಟ್ ಕೊಡುತ್ತಿದ್ದ ವ್ಯವಸ್ಥೆ 7,200 ಟಿಕೆಟ್ ಕೊಡುವಂತಾಗುತ್ತದೆ, ಒಂದೇ ಹೊತ್ತಿನಲ್ಲಿ 1,20,000 ಜನ ಬಳಸಬಹುದು ಎಂದು ಅದರಲ್ಲಿ ಹೇಳಿದ್ದರು. ಸರ್ವರ್ ಹೆಚ್ಚಿಸಿದರೆ ಸಾಲದೇ, ಮತ್ತೆ ಯಾಕೆ ಚಕ್ರ ಎಂದು ನೀವು ಕೇಳಬಹುದು. ಮುಂಬಾಗಿಲು ಎಷ್ಟು ಬೇಕಾದರೂ ಮಾಡಬಹುದು. ಆದರೆ ಒಂದು ರೈಲಿನ ಒಂದು ಬರ್ತ್ ಇಬ್ಬರಿಗೆ ಸಿಗಬಾರದು. ಆ ಬರ್ತ್‌ನ ಲೆಕ್ಕವನ್ನು ಒಬ್ಬರಿಗೆ ಬರೆಯುವಾಗ ಉಳಿದವರೆಲ್ಲ ಕಾಯಬೇಕು. ಡೇಟಾಬೇಸ್ ಭಾಷೆಯಲ್ಲಿ ಇದಕ್ಕೆ ಲಾಕ್ ಎನ್ನುತ್ತಾರೆ. ಹತ್ತು ಬಾಗಿಲಿನ ಹಾಲ್‌ನಲ್ಲಿ ಊಟ ಬಡಿಸುವವನು ಒಬ್ಬನೇ ಇದ್ದ ಹಾಗೆ. ನಿಮ್ಮ ಜಾಲತಾಣ ನಿಧಾನವಾದಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಸಾಲು ನಿಂತಿರುವುದು ಯಾವ ಬಾಗಿಲಲ್ಲಿ?

ಸಂಖ್ಯೆಗಳು ಹೇಳುವ ಕಥೆ

ದೋಷ ಬಂದಾಗ ಪರದೆಯ ಮೇಲೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ಬಹುಮಂದಿ ಅದನ್ನು ಓದುವುದೇ ಇಲ್ಲ, ಆದರೆ ಅದು ಅರ್ಧ ಕೆಲಸ ಮುಗಿಸಿಕೊಡುತ್ತದೆ. 4ರಿಂದ ಆರಂಭವಾದರೆ ಕೇಳಿದ ರೀತಿಯಲ್ಲಿ ತೊಂದರೆ. 404 ಎಂದರೆ ಕೇಳಿದ ಪುಟ ಇಲ್ಲ, 401 ಎಂದರೆ ನೀವು ಯಾರೆಂದು ಹೇಳಿಲ್ಲ, 403 ಎಂದರೆ ಯಾರೆಂದು ಗೊತ್ತು ಆದರೂ ಒಳಗೆ ಬಿಡುವುದಿಲ್ಲ. 5ರಿಂದ ಆರಂಭವಾದರೆ ತಪ್ಪು ಸರ್ವರ್ ಕಡೆಯದು. 500 ಬಂದರೆ ಅಪ್ಲಿಕೇಷನ್ ಎಡವಿ ಬಿದ್ದಿದೆ. 502 ಬಂದರೆ ಕಾವಲುಗಾರ ಎದ್ದಿದ್ದಾನೆ, ಒಳಗಿನವರಿಂದ ಸರಿಯಾದ ಉತ್ತರ ಸಿಗಲಿಲ್ಲ. ಬಹಳ ಸಲ ಒಳಗಿನ ಅಪ್ಲಿಕೇಷನ್ ಸತ್ತೇ ಹೋಗಿರುತ್ತದೆ. 504 ಬಂದರೆ ಒಳಗಿನವರು ಬದುಕಿದ್ದಾರೆ, ಆದರೆ ಹೇಳಿದ ಸಮಯದಲ್ಲಿ ಮಾತಾಡಲಿಲ್ಲ.

502ಕ್ಕೂ 504ಕ್ಕೂ ಇರುವ ಈ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದಕ್ಕೆ ಅಪ್ಲಿಕೇಷನ್ ಯಾಕೆ ನಿಂತಿತು ಎಂದು ಹುಡುಕಬೇಕು, ಎರಡನೆಯದಕ್ಕೆ ಅದು ಯಾರಿಗಾಗಿ ಕಾಯುತ್ತಿದೆ ಎಂದು. ಎರಡಕ್ಕೂ ಸರ್ವರ್ ಅನ್ನು ಆರಿಸಿ ಮತ್ತೆ ಹಚ್ಚುವುದೇ ಮದ್ದು ಎಂದುಕೊಂಡವರು ವಾರಕ್ಕೊಮ್ಮೆ ಹಚ್ಚುತ್ತಲೇ ಇರುತ್ತಾರೆ.

ಗಡಿಯಾರವನ್ನೂ ನೋಡಿ. ಪುಟ ಪ್ರತಿ ಸಲವೂ ಸರಿಯಾಗಿ 60 ಸೆಕೆಂಡಿಗೆ ಸೋಲುತ್ತಿದ್ದರೆ ಅದು ಕಾಕತಾಳೀಯವಲ್ಲ, ಯಾರೋ ಇಟ್ಟ ಗಡುವು. ಎಂಜಿನ್‌ಎಕ್ಸ್ ಒಳಗಿನವರ ಉತ್ತರಕ್ಕೆ ಕಾಯುವ ಸಹಜ ಗಡುವು 60 ಸೆಕೆಂಡು. ಪಿಎಚ್‌ಪಿ ತನ್ನ ಕೆಲಸಕ್ಕೆ ಇಟ್ಟುಕೊಂಡ ಮಿತಿ 30 ಸೆಕೆಂಡು, ಆದರೆ ಲಿನಕ್ಸ್‌ನಲ್ಲಿ ಡೇಟಾಬೇಸ್‌ಗಾಗಿ ಕಾದ ಸಮಯವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಡುವನ್ನು 60ರಿಂದ 300ಕ್ಕೆ ಏರಿಸಿದರೆ ದೋಷದ ಸಾಲು ಮಾಯವಾಗುತ್ತದೆ, ಬಳಕೆದಾರ ಮಾತ್ರ ಐದು ನಿಮಿಷ ಕಾಯುತ್ತಾನೆ. ಇದನ್ನು ದುರಸ್ತಿ ಎಂದು ಕರೆಯಲಾರೆ.

ಇನ್ನೊಂದು ಮೋಜಿನ ಸಂಖ್ಯೆ 413. ಪರೀಕ್ಷೆ ಮಾಡುವಾಗ ಸಣ್ಣ ಚಿತ್ರ ಹಾಕಿ ನೋಡಿರುತ್ತೀರಿ, ಸರಿಯಿರುತ್ತದೆ. ಜನ ಮೊಬೈಲ್‌ನಿಂದ ನಾಲ್ಕೈದು ಎಂಬಿಯ ಫೋಟೊ ಏರಿಸಿದಾಗ ತಿರಸ್ಕಾರ. ಎಂಜಿನ್‌ಎಕ್ಸ್‌ನ ಸಹಜ ಮಿತಿ 1 ಎಂಬಿ, ಪಿಎಚ್‌ಪಿಯ ಕಡತದ ಮಿತಿ 2 ಎಂಬಿ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ದೋಷ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಕೌಂಟರ್‌ಗಳು ಖಾಲಿಯಾಗದಿದ್ದರೆ

504ರ ಹಿಂದೆ ಸಾಮಾನ್ಯವಾಗಿ ಇರುವುದು ಡೇಟಾಬೇಸ್ ಸಂಪರ್ಕದ ಕೊರತೆ. ಡೇಟಾಬೇಸ್ ಒಮ್ಮೆಗೆ ಮಾತಾಡುವುದು ಇಂತಿಷ್ಟೇ ಜನರ ಜೊತೆ. ಮೈಎಸ್‌ಕ್ಯೂಎಲ್‌ಗೆ ಸಹಜವಾಗಿ 151 ಸಂಪರ್ಕ, ಪೋಸ್ಟ್‌ಗ್ರೆಸ್‌ಗೆ 100. ಅಪ್ಲಿಕೇಷನ್ ತನ್ನ ಬಳಿ ಕೆಲವು ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಸರದಿಯಂತೆ ಹಂಚುತ್ತದೆ, ಇದಕ್ಕೆ ಪೂಲ್ ಎನ್ನುತ್ತಾರೆ. ಜಾವಾದಲ್ಲಿ ಬಹಳ ಬಳಕೆಯಲ್ಲಿರುವ ಹಿಕಾರಿ ಪೂಲ್‌ನಲ್ಲಿ ಸಹಜವಾಗಿ ಇರುವುದು 10 ಸಂಪರ್ಕ ಮಾತ್ರ. ಹನ್ನೊಂದನೆಯವನು 30 ಸೆಕೆಂಡು ಕಾದು, ಸಿಗದಿದ್ದರೆ ದೋಷ ಎಸೆದು ಹೋಗುತ್ತಾನೆ.

ಹತ್ತು ಕೌಂಟರ್ ಇರುವ ಟಿಕೆಟ್ ಕಚೇರಿಯನ್ನು ನೆನೆಸಿಕೊಳ್ಳಿ. ಜನ ಹೆಚ್ಚಾದರೆ ಸಾಲು ಬೆಳೆಯುತ್ತದೆ, ಕರಗುತ್ತದೆ. ಆದರೆ ಕೆಲಸ ಮುಗಿದವನು ಕಿಟಕಿ ಬಿಟ್ಟು ಕದಲದೆ ನಿಂತುಬಿಟ್ಟರೆ? ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಒಬ್ಬ, ಸಂಜೆಯ ಹೊತ್ತಿಗೆ ಹತ್ತೂ ಕಿಟಕಿ ಬಂದ್. ಪ್ರೋಗ್ರಾಂನಲ್ಲಿ ಇದು ಆಗುವುದು ಹೀಗೆ: ಎಲ್ಲ ಸರಿಯಿದ್ದಾಗ ಸಂಪರ್ಕವನ್ನು ಮುಚ್ಚುವ ಸಾಲು ಇರುತ್ತದೆ, ನಡುವೆ ದೋಷ ಬಂದರೆ ಆ ಸಾಲನ್ನು ತಲುಪುವುದೇ ಇಲ್ಲ. ಲಕ್ಷಣವೂ ನಿರ್ದಿಷ್ಟ. ಸರ್ವರ್ ಹಚ್ಚಿದ ತಕ್ಷಣ ಚುರುಕು, ಗಂಟೆಗಳು ಕಳೆದಂತೆ ಮಂಕು, ಮತ್ತೆ ಹಚ್ಚಿದರೆ ಮತ್ತೆ ಚುರುಕು. ಪೂಲ್ ಅನ್ನು 10ರಿಂದ 100 ಮಾಡಿದರೆ ಸಂಜೆ ಬೀಳುವುದು ಮರುದಿನ ಬೀಳುತ್ತದೆ.

ಸಂಪರ್ಕ ಸರಿಯಾಗಿ ಮುಚ್ಚಿದ್ದರೂ ನಿಧಾನವೇ? ಆಗ ಡೇಟಾಬೇಸ್‌ಗೆ ಕೇಳುತ್ತಿರುವ ಪ್ರಶ್ನೆಗಳನ್ನು ಎಣಿಸಿ. ಐವತ್ತು ಸದಸ್ಯರ ಪಟ್ಟಿ ತೋರಿಸಲು ಪಟ್ಟಿಗೆ ಒಂದು ಪ್ರಶ್ನೆ, ಪ್ರತಿಯೊಬ್ಬರ ವಿಳಾಸಕ್ಕೆ ಒಂದೊಂದು, ಒಟ್ಟು 51 ಪ್ರಶ್ನೆ ಹೋಗುತ್ತಿರುವುದು ತೀರಾ ಸಾಮಾನ್ಯ. ಹಾಗೆಯೇ ಇಂಡೆಕ್ಸ್ ಇಲ್ಲದ ಕಡೆ ಹುಡುಕುವುದು. ಪರೀಕ್ಷೆಯಲ್ಲಿ ಇನ್ನೂರು ಹೆಸರು ಇದ್ದಾಗ ಗೊತ್ತೇ ಆಗುವುದಿಲ್ಲ, ಎರಡು ಲಕ್ಷವಾದಾಗ ಉಸಿರು ಕಟ್ಟುತ್ತದೆ.

ಹಣ ಹೋಯಿತು, ಟಿಕೆಟ್ ಬರಲಿಲ್ಲ

ಈ ದೂರು ಬಹಳ ಮಂದಿಯದು. 2023ರ ಜುಲೈ 25ರ ಬೆಳಿಗ್ಗೆ ಐಆರ್‌ಸಿಟಿಸಿಯಲ್ಲಿ ತಾಂತ್ರಿಕ ಕಾರಣದಿಂದ ಟಿಕೆಟ್ ಸೇವೆ ನಿಂತಾಗ ದೇಶದ ತುಂಬಾ ಇದೇ ಮಾತು ಕೇಳಿಬಂತು.

ಅಪ್ಲಿಕೇಷನ್ ಬ್ಯಾಂಕನ್ನು ಕೇಳಿತು, ಉತ್ತರ ಬರುವ ಮೊದಲೇ ಗಡುವು ಮುಗಿಯಿತು ಎಂದಿಟ್ಟುಕೊಳ್ಳಿ. ಹಣ ಪಾವತಿಯಾಯಿತೋ ಇಲ್ಲವೋ? ಅನನುಭವಿ ಪ್ರೋಗ್ರಾಮರ್ ಇದನ್ನು 'ಇಲ್ಲ' ಎಂದು ಬರೆದುಕೊಳ್ಳುತ್ತಾನೆ. ಅದು 'ಇಲ್ಲ' ಅಲ್ಲ, 'ಗೊತ್ತಿಲ್ಲ'. ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರು ಸ್ಥಿತಿಗಳಿಗೂ ಡೇಟಾಬೇಸ್‌ನಲ್ಲಿ ಜಾಗ ಇರಬೇಕು. ಬ್ಯಾಂಕಿನ ಬಾಗಿಲು ತಟ್ಟುವ ಮೊದಲೇ ಆರ್ಡರ್ ಸಂಖ್ಯೆಯನ್ನು ಬರೆದಿಟ್ಟು, ಬಳಕೆದಾರ ಮತ್ತೊಮ್ಮೆ ಗುಂಡಿ ಒತ್ತಿದರೆ ಅದೇ ಸಂಖ್ಯೆಯನ್ನು ಕಳಿಸಬೇಕು. ಆಗ ಬ್ಯಾಂಕಿನ ಕಡೆಯವರು ಇದು ಹಳೆಯ ಕೋರಿಕೆಯೇ ಎಂದು ಗುರುತಿಸಿ ಎರಡನೇ ಸಲ ಹಣ ತೆಗೆಯದಿರಲು ಸಾಧ್ಯ. ಪ್ರತಿ ಒತ್ತಿಗೂ ಹೊಸ ಸಂಖ್ಯೆ ಹುಟ್ಟಿಸಿದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ. 'ಗೊತ್ತಿಲ್ಲ' ಎಂದು ಉಳಿದವನ್ನು ಕೆಲವು ನಿಮಿಷಗಳಿಗೊಮ್ಮೆ ಬ್ಯಾಂಕಿಗೆ ಕೇಳಿ ಇತ್ಯರ್ಥ ಮಾಡುವ ಪುಟ್ಟ ಪ್ರೋಗ್ರಾಂ ಒಂದು ಹಿಂದೆ ಓಡುತ್ತಿರಬೇಕು.

ಬಳಕೆದಾರರಿಗೊಂದು ಮಾತು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅಂತರಜಾಲದಲ್ಲಿ ಕಾರ್ಡಿನಿಂದಲೋ ಯುಪಿಐಯಿಂದಲೋ ಅಂಗಡಿಗೆ ಹಣ ಕೊಡುವಾಗ ಖಾತೆಯಿಂದ ಹಣ ಹೋಗಿ ಆ ಕಡೆಗೆ ಖಾತ್ರಿ ಸಿಗದಿದ್ದರೆ, ವ್ಯವಹಾರದ ದಿನದಿಂದ 5 ದಿನದೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಕನ್ನಡ ಕೆಟ್ಟರೆ ಎಲ್ಲಿ ಕೆಟ್ಟಿತು?

ಮೇಲಿನವು ಎಲ್ಲ ಭಾಷೆಯವರ ಕಷ್ಟ. ನಮ್ಮದೇ ಆದ ಕಷ್ಟವೊಂದಿದೆ, ಅದನ್ನು ನಮಗಾಗಿ ಬೇರೆಯವರು ಬರೆದುಕೊಡುವುದಿಲ್ಲ. ಒಂದು ಕನ್ನಡ ಕೂಟ ರಾಜ್ಯೋತ್ಸವಕ್ಕೆ ಹೆಸರು ನೋಂದಾಯಿಸಲು ಜಾಲತಾಣ ಮಾಡಿತೆಂದು ಭಾವಿಸಿ. ಜನ ಪ್ರೀತಿಯಿಂದ ಕನ್ನಡದಲ್ಲೇ ಹೆಸರು, ಊರು ತುಂಬುತ್ತಾರೆ. ಮರುದಿನ ಪಟ್ಟಿ ತೆಗೆದರೆ ಬೆಂಗಳೂರು ಇದ್ದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆಗಳು. 'ಫಾಂಟ್ ಪ್ರಾಬ್ಲಂ' ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ಫಾಂಟ್ ಪ್ರಾಬ್ಲಂ ಆಗಿದ್ದರೆ ಪ್ರಶ್ನೆ ಚಿಹ್ನೆ ಬರುವುದೇ ಇಲ್ಲ.

ಕೆಟ್ಟ ಕನ್ನಡ ನಾಲ್ಕು ವೇಷದಲ್ಲಿ ಬರುತ್ತದೆ. ಖಾಲಿ ಚೌಕಗಳು ಕಂಡರೆ ಅಕ್ಷರ ಸರಿಯಾಗಿ ಬಂದಿದೆ, ನೋಡುವವರ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲ. ಸರ್ವರ್ ಮುಟ್ಟಬೇಡಿ. ಎರಡನೆಯದು ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಂತೆ: ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಮತ್ತೆ ಗೀಟಿನ ಎ. ಇದು ಬಂದರೆ ಗಾಬರಿ ಬೇಡ, ಕನ್ನಡ ಇನ್ನೂ ಬದುಕಿದೆ. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಯಾರೋ ನಡುವೆ ಈ ಬೈಟ್‌ಗಳನ್ನು ಹಳೆಯ ಯುರೋಪಿನ ಲ್ಯಾಟಿನ್-1 ಎಂದು ತಪ್ಪಾಗಿ ಓದಿದರೆ ಇ0 ಗೀಟಿನ ಎ ಆಗುತ್ತದೆ, ಬಿ2 ಪುಟ್ಟ 2 ಆಗುತ್ತದೆ, ಬಿ3 ಪುಟ್ಟ 3. ವ್ಯಂಜನಗಳಿಗೆ 2, ಎತ್ವ ಕೊಂಬುಗಳಿಗೆ 3. ಒಮ್ಮೆ ತಿಳಿದರೆ ಕಸದಲ್ಲೂ ಕನ್ನಡ ಕಾಣುತ್ತದೆ!

ಮೂರನೆಯದು ಪ್ರಶ್ನೆ ಚಿಹ್ನೆ. ಇದು ನಿಜವಾದ ನಷ್ಟ. ಕನ್ನಡ ಗೊತ್ತಿಲ್ಲದ ಅಕ್ಷರ ಪಟ್ಟಿಗೆ ಕನ್ನಡವನ್ನು ಬಲವಂತವಾಗಿ ತುರುಕಿದಾಗ ತಂತ್ರಾಂಶ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಬರೆದು ಕೈತೊಳೆದುಕೊಳ್ಳುತ್ತದೆ. ಡೇಟಾಬೇಸ್‌ಗೆ ಹಾಗೆಯೇ ಬರೆದುಬಿಟ್ಟಿದ್ದರೆ ಮೂಲ ಹೆಸರನ್ನು ಯಾರೂ ಹಿಂದಕ್ಕೆ ತರಲಾರರು. ಆದ್ದರಿಂದ ಇದು ಕಂಡ ಕ್ಷಣ ಮೊದಲು ನೋಂದಣಿ ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ. ನಾಲ್ಕನೆಯದು ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆ. ಮೂರು ಬೈಟ್‌ಗಳ ಅಕ್ಷರವನ್ನು ಯಾರೋ ನಡುವೆ ಕತ್ತರಿಸಿದಾಗ, ಅಥವಾ ಯುಟಿಎಫ್-8 ಅಲ್ಲದ್ದನ್ನು ಯುಟಿಎಫ್-8 ಎಂದು ಓದಿದಾಗ ಬರುವಂಥದ್ದು.

ಪ್ರಶ್ನೆ ಚಿಹ್ನೆಗಳನ್ನು ಎಣಿಸುವುದೂ ಒಂದು ಪರೀಕ್ಷೆ. ಬೆಂಗಳೂರು ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು ಬ, ಎತ್ವ, ಸೊನ್ನೆ, ಗ, ಳ, ದೀರ್ಘ ಕೊಂಬು, ರ, ಕೊಂಬು ಎಂದು 8 ಸಂಕೇತ. ಬೈಟ್ ಲೆಕ್ಕದಲ್ಲಿ 24. ಪಟ್ಟಿಯಲ್ಲಿ 8 ಪ್ರಶ್ನೆ ಚಿಹ್ನೆ ಕಂಡರೆ ಕನ್ನಡ ಕನ್ನಡವಾಗಿಯೇ ಬಂದು ಅಲ್ಲೇ, ಕೊನೆಯ ಹೆಜ್ಜೆಯಲ್ಲಿ ಸತ್ತಿದೆ. 24 ಕಂಡರೆ ಅದಕ್ಕೂ ಮೊದಲೇ ಯಾರೋ ಅದನ್ನು ಬೈಟ್‌ಗಳಾಗಿ ಒಡೆದಿದ್ದಾರೆ. ಇದೇ 24ರಿಂದ ಇನ್ನೊಂದು ತೊಡಕೂ ಉಂಟು. ಹೆಸರಿನ ಅಂಕಣಕ್ಕೆ 20 ಸಾಕು ಎಂದು ಇಟ್ಟಿದ್ದರೆ, ಒರಾಕಲ್‌ನಲ್ಲಿ ಆ 20 ಸಹಜವಾಗಿ ಬೈಟ್‌ಗಳ ಲೆಕ್ಕ. ನಾಲ್ಕಕ್ಷರದ ಬೆಂಗಳೂರು ಅದರಲ್ಲಿ ಹಿಡಿಸುವುದಿಲ್ಲ.

ಕಣ್ಣನ್ನು ನಂಬದೆ ಬೈಟ್‌ಗಳನ್ನೇ ನೋಡುವುದು ಉತ್ತಮ. ಮೈಎಸ್‌ಕ್ಯೂಎಲ್‌ನಲ್ಲಿ ಹೆಕ್ಸ್ ಎಂಬ ಸೌಲಭ್ಯ ಬಳಸಿ ಆ ಅಂಕಣದಲ್ಲಿ ನಿಜಕ್ಕೂ ಏನಿದೆ ಎಂದು ಕೇಳಿ. ಇ0, ಬಿ2 ಎಂದು ಬಂದರೆ ಒಳಗೆ ಕನ್ನಡದ ಬೈಟ್‌ಗಳು ಕ್ಷೇಮ. 3ಎಫ್ ಎಂದು ಸಾಲಾಗಿ ಬಂದರೆ ಪ್ರಶ್ನೆ ಚಿಹ್ನೆಯೇ ಬರೆದಿದೆ, ಮುಗಿಯಿತು. ಸಿ3, ಎ0, ಸಿ2, ಬಿ2 ಎಂದು ಬಂದರೆ ಕನ್ನಡ ಎರಡು ಸಲ ಸುತ್ತಿಕೊಂಡಿದೆ, ಬಿಚ್ಚಿದರೆ ಸಿಗುತ್ತದೆ. ಬಿಚ್ಚುವಾಗ ಮೊದಲು ಇಡೀ ಟೇಬಲ್‌ನ ಪ್ರತಿ ತೆಗೆದಿಡಿ. ಅಂಕಣದ ಅಕ್ಷರ ಪಟ್ಟಿಯನ್ನು ನೇರವಾಗಿ ಬದಲಿಸಿದರೆ ಮೈಎಸ್‌ಕ್ಯೂಎಲ್ ಅದನ್ನು ಇನ್ನೊಮ್ಮೆ ಸುತ್ತಬಹುದು. ಲ್ಯಾಟಿನ್-1ಕ್ಕೆ ಮರಳಿಸಿ, ಅಲ್ಲಿಂದ ಬರಿಯ ಬೈಟ್‌ಗಳಾಗಿ, ಅಲ್ಲಿಂದ ಯುಟಿಎಫ್-8 ಆಗಿ, ಹೀಗೆ ಮೂರು ಹೆಜ್ಜೆಯಲ್ಲಿ ತರಬೇಕು.

ಮತ್ತೆ ಹಾಗಾಗದಂತೆ ನೋಡಿಕೊಳ್ಳಲು ದಾರಿಯುದ್ದಕ್ಕೂ ಒಂದೇ ಮಾತು ಇರಬೇಕು: ಪುಟ, ಪುಟದ ತಲೆಬರಹ, ಅಪ್ಲಿಕೇಷನ್, ಡೇಟಾಬೇಸ್ ಸಂಪರ್ಕ, ಟೇಬಲ್, ಎಲ್ಲವೂ ಯುಟಿಎಫ್-8. ಜನ ಮರೆಯುವುದು ನಡುವಿನ ಸಂಪರ್ಕವನ್ನು. ಪುಟವೂ ಟೇಬಲ್ಲೂ ಸರಿಯಿದ್ದು ಸಂಪರ್ಕ ಮಾತ್ರ ಲ್ಯಾಟಿನ್-1 ಆಗಿದ್ದರೆ ದಿನವಿಡೀ ತಲೆ ಕೆರೆದುಕೊಳ್ಳಬೇಕು. ಹಳೆಯ ಸಾಮಾನುಗಳಿಗೆ ಹಳೆಯ ಅಭ್ಯಾಸ. ಮೈಎಸ್‌ಕ್ಯೂಎಲ್‌ನ ಸಹಜ ಪಟ್ಟಿ 2018ರ 8.0 ಆವೃತ್ತಿಯವರೆಗೂ ಲ್ಯಾಟಿನ್-1 ಆಗಿತ್ತು. ಟಾಮ್‌ಕ್ಯಾಟ್ 7ರವರೆಗೆ ವಿಳಾಸ ಪಟ್ಟಿಯಲ್ಲಿ ಬಂದ ಕನ್ನಡವನ್ನು ಲ್ಯಾಟಿನ್-1 ಎಂದೇ ಓದುತ್ತಿತ್ತು. ಜಾವಾ ತಾನು ಓಡುವ ಗಣಕದ ಅಕ್ಷರ ಪಟ್ಟಿಯನ್ನು ಕೇಳದೆ ಯುಟಿಎಫ್-8 ಅನ್ನೇ ಹಿಡಿಯಲು ತೊಡಗಿದ್ದು 2022ರ 18ನೇ ಆವೃತ್ತಿಯಿಂದ. ಸರ್ಕಾರಿ, ಖಾಸಗಿ ಕಚೇರಿಗಳಲ್ಲಿ ಹಳೆಯ ಆವೃತ್ತಿಗಳು ವರ್ಷಗಟ್ಟಲೆ ಓಡುತ್ತಿರುತ್ತವೆ, ಆದ್ದರಿಂದ ಇದು ಇತಿಹಾಸ ಪಾಠ ಅಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಬರಿಯ ಯುಟಿಎಫ್8 ಎಂದಿದ್ದರೆ ಅದು ಮೂರು ಬೈಟ್‌ನದು. ಕನ್ನಡ ಅದರಲ್ಲಿ ಹಿಡಿಯುತ್ತದೆ, ಆದರೆ ನಾಲ್ಕು ಬೈಟ್‌ನ ನಗುಮುಖದ ಚಿತ್ರ ಯಾರಾದರೂ ಹಾಕಿದರೆ ಮುರಿಯುತ್ತದೆ. ಯುಟಿಎಫ್8ಎಂಬಿ4 ಎಂದೇ ಇಡಿ.

ಸರಿಯಿರುವ ಕನ್ನಡವೂ ಹುಡುಕಿದರೆ ಸಿಗದಿರಬಹುದು. ಗೋಪಾಲ ಎಂಬ ಹೆಸರಿನ 'ಗೋ'ವನ್ನು ನೋಡಿ. ಅದರ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಮೂರೂ ಒಂದೇ, ಪ್ರೋಗ್ರಾಂ ನೇರವಾಗಿ ಹೋಲಿಸಿದರೆ ಮೂರೂ ಬೇರೆ. ಒಳಗೆ ತೆಗೆದುಕೊಳ್ಳುವಾಗಲೇ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಈ ಕಾಟ ತಪ್ಪುತ್ತದೆ. ರಾಜ್‌ಕುಮಾರ್ ಎಂದು ಬರೆಯುವಾಗ ಜ್ ಮತ್ತು ಕು ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಭದ್ರತೆಯ ಹೆಸರಿನಲ್ಲಿ ಕಾಣದ ಅಕ್ಷರಗಳನ್ನೆಲ್ಲ ಗುಡಿಸಿ ಹಾಕುವ ಪ್ರೋಗ್ರಾಂ ಅದನ್ನೂ ಗುಡಿಸುತ್ತದೆ, ಕುಮಾರನ ಕ ಜಕಾರದ ಒತ್ತಾಗಿ ಕೆಳಗಿಳಿಯುತ್ತದೆ. ಹುಡುಕುವಾಗ ಬೇಕಾದರೆ ತೆಗೆಯಿರಿ, ಹೆಸರು ಉಳಿಸುವಾಗ ತೆಗೆಯಬೇಡಿ.

ಇನ್ನು ನಮ್ಮ ಹಳೆಯ ನೆಂಟರು, ಬರಹ ಮತ್ತು ನುಡಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಕರ್ನಾಟಕದ ಕಚೇರಿಗಳನ್ನೆಲ್ಲ ತುಂಬಿತು. ಗಣಕದಲ್ಲಿ ಕನ್ನಡ ಉಳಿದದ್ದೇ ಇವುಗಳಿಂದ. ಆದರೆ ಆಗಿನ ಫಾಂಟ್ ಆಧಾರಿತ ಕಡತಗಳ ಒಳಗಿರುವುದು ಲ್ಯಾಟಿನ್ ಅಕ್ಷರಗಳೇ, ಫಾಂಟು ಅವಕ್ಕೆ ಕನ್ನಡದ ಮುಖವಾಡ ಹಾಕುತ್ತದೆ. ಅಂಥ ಕಡತದಿಂದ ಸದಸ್ಯರ ಪಟ್ಟಿಯನ್ನು ನಕಲಿಸಿ ಜಾಲತಾಣಕ್ಕೆ ಅಂಟಿಸಿದರೆ ಮುಖವಾಡ ಕಳಚಿ ಬೀಳುತ್ತದೆ. ಇದಕ್ಕೆ ಡೇಟಾಬೇಸ್‌ನಲ್ಲಿ ಮದ್ದಿಲ್ಲ. ಮೊದಲು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದು ಆಮೇಲೆ ಏರಿಸಬೇಕು.

ಸರ್ವರ್ ಮೇಲೆ ಸುಮ್ಮನೆ ಬರುವ ಆಪಾದನೆಯೂ ಒಂದುಂಟು. ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಎಕ್ಸೆಲ್‌ನಲ್ಲಿ ತೆರೆದಾಗ ಗೀಟಿನ ಎ ಬರುವುದು ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ಗುರುತಿಸದ ಕಾರಣಕ್ಕೆ. ಕಡತದ ಮೊದಲಿಗೆ ಬಿಒಎಂ ಎಂಬ ಗುರುತು ಸೇರಿಸಿದರೆ ಸರಿಹೋಗುತ್ತದೆ.

ಐದೂವರೆ ಗಂಟೆಯ ಕಳ್ಳ

ಹುಟ್ಟಿದ ದಿನಾಂಕ ಎಲ್ಲರಿಗೂ ಒಂದು ದಿನ ಹಿಂದೆ ಕಾಣುತ್ತಿದೆಯೇ? ಭಾರತದ ಸಮಯ ಅಂತರರಾಷ್ಟ್ರೀಯ ಯುಟಿಸಿ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಪ್ರೋಗ್ರಾಂ ನವೆಂಬರ್ 1 ಎಂಬ ದಿನಾಂಕವನ್ನು ನವೆಂಬರ್ 1ರ ನಡುರಾತ್ರಿ ಎಂದು ತಿಳಿದು ಯುಟಿಸಿಗೆ ಬದಲಿಸಿದರೆ ಅದು ಅಕ್ಟೋಬರ್ 31ರ ಸಂಜೆ ಆರೂವರೆ. ಅದರಲ್ಲಿ ದಿನಾಂಕವನ್ನಷ್ಟೇ ಕತ್ತರಿಸಿ ತೋರಿಸಿದರೆ ರಾಜ್ಯೋತ್ಸವ ಒಂದು ದಿನ ಮೊದಲೇ ಬಂದಿರುತ್ತದೆ. ಹಾಗೆಯೇ ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯೊಳಗೆ ಬಂದ ನೋಂದಣಿಗಳು ಮಾತ್ರ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿದ್ದರೆ ಕಳ್ಳ ಇವನೇ. ಘಟನೆಯ ಸಮಯವನ್ನು ಯುಟಿಸಿಯಲ್ಲಿ ಇಟ್ಟು ತೋರಿಸುವಾಗ ಭಾರತದ ಸಮಯಕ್ಕೆ ತನ್ನಿ. ಹುಟ್ಟುಹಬ್ಬ, ಹಬ್ಬಗಳನ್ನು ಗಂಟೆಯಿಲ್ಲದ ಬರಿಯ ದಿನಾಂಕವಾಗಿ ಇಡಿ.

ನನ್ನ ಗಣಕದಲ್ಲಿ ಸರಿಯಿದೆಯಲ್ಲ!

ಪ್ರತಿ ಕಚೇರಿಯಲ್ಲೂ ದಿನಕ್ಕೊಮ್ಮೆ ಕೇಳುವ ವಾಕ್ಯ ಇದು. ನಿಮ್ಮದು ವಿಂಡೋಸ್, ಸರ್ವರ್ ಲಿನಕ್ಸ್. ವಿಂಡೋಸ್‌ಗೆ ಕಡತದ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಅದರ ಮೇಲೆ ಆವೃತ್ತಿ ಬೇರೆ, ಪಾಸ್‌ವರ್ಡ್ ಇಟ್ಟ ಜಾಗ ಬೇರೆ, ಕಡತ ಬರೆಯುವ ಅನುಮತಿ ಬೇರೆ. ವಾದ ಮಾಡುವ ಬದಲು ಎರಡರ ನಡುವಿನ ವ್ಯತ್ಯಾಸವನ್ನು ಕಾಗದದ ಮೇಲೆ ಬರೆದರೆ ಅರ್ಧ ಗಂಟೆಯ ಕೆಲಸ.

ಉಳಿದದ್ದು ಲಾಗ್ ಓದುವುದು. ಸರ್ವರ್ ತಾನು ಮಾಡಿದ್ದನ್ನೆಲ್ಲ ಲಾಗ್ ಕಡತದಲ್ಲಿ ಬರೆಯುತ್ತಲೇ ಇರುತ್ತದೆ. ಜಾವಾದ ಉದ್ದನೆಯ ದೋಷದ ಪಟ್ಟಿ ಕಂಡರೆ ಹೊಸಬರು ಮೇಲಿನ ಸಾಲನ್ನಷ್ಟೇ ಓದಿ ಬಿಡುತ್ತಾರೆ. ಆದರೆ ಅದರಲ್ಲಿ 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳಲ್ಲಿ ಕೊನೆಯದನ್ನು ಮೊದಲು ಓದಬೇಕು, ಮೂಲ ಸಾಮಾನ್ಯವಾಗಿ ಅಲ್ಲಿರುತ್ತದೆ. ಒಂದೇ ದೋಷ ಸಾವಿರ ಸಲ ಬರೆದಿದ್ದರೆ ಕಡೆಯದಲ್ಲ, ಮೊದಲನೆಯದು ಮುಖ್ಯ. ಲಾಗ್‌ನಲ್ಲಿ ಹೊಸ ಸಾಲೇ ಬರುತ್ತಿಲ್ಲವೆಂದರೆ ಡಿಸ್ಕ್ ತುಂಬಿದೆಯೇ ನೋಡಿ. ತುಂಬಿಸಿದ್ದು ಹೆಚ್ಚಾಗಿ ಆ ಲಾಗ್ ಕಡತವೇ ಆಗಿರುತ್ತದೆ!

ಒಂದು ಕೋರಿಕೆ ನಾಲ್ಕು ಸರ್ವರ್ ದಾಟುವುದಾದರೆ ಮುಂಬಾಗಿಲಲ್ಲೇ ಅದಕ್ಕೊಂದು ಸಂಖ್ಯೆ ಕೊಟ್ಟು, ನಾಲ್ಕೂ ಕಡೆಯ ಲಾಗ್‌ನಲ್ಲಿ ಅದನ್ನು ಬರೆಯಿಸಿ. ಆಸ್ಪತ್ರೆಯಲ್ಲಿ ರೋಗಿಯ ಚೀಟಿಯ ಸಂಖ್ಯೆ ಎಲ್ಲ ವಿಭಾಗಗಳಲ್ಲೂ ಒಂದೇ ಇರುತ್ತದಲ್ಲ, ಹಾಗೆ. ದೋಷ ಬಂದಾಗ ಆ ಸಂಖ್ಯೆಯನ್ನು ಬಳಕೆದಾರನ ಪರದೆಯ ಮೇಲೂ ತೋರಿಸಿ. ಲಾಗ್‌ನಲ್ಲಿ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಮಾತ್ರ ಬರೆಯಬೇಡಿ.

ಯಾರನ್ನಾದರೂ ಸಹಾಯ ಕೇಳುವಾಗ, ಬೆಂಗಳೂರಿನ ಗೆಳೆಯರನ್ನೇ ಇರಲಿ, ಪಕ್ಕದ ಮೇಜಿನವರನ್ನೇ ಇರಲಿ, 'ಸೈಟ್ ಓಪನ್ ಆಗ್ತಿಲ್ಲ' ಎಂದಷ್ಟೇ ಬರೆದರೆ ಉತ್ತರಕ್ಕೆ ಮೊದಲು ಹತ್ತು ಪ್ರಶ್ನೆ ಬರುತ್ತವೆ. ಯಾವ ಪುಟ, ಎಷ್ಟು ಗಂಟೆಗೆ, ಪರದೆಯ ಮೇಲಿನ ಸಂಖ್ಯೆ ಏನು, ಎಲ್ಲರಿಗೂ ಹೀಗೆಯೇ ಅಥವಾ ಒಬ್ಬರಿಗೆ ಮಾತ್ರವೇ, ಪ್ರತಿ ಸಲವೂ ಆಗುತ್ತದೆಯೇ, ನಿನ್ನೆಯಿಂದ ಏನೇನು ಬದಲಿಸಿದಿರಿ, ಇಷ್ಟನ್ನು ಬರೆಯಿರಿ. ದೋಷದ ಸಾಲಿನ ಫೋಟೊ ತೆಗೆದು ಕಳಿಸಬೇಡಿ. ಸಾಲನ್ನೇ ಅಕ್ಷರವಾಗಿ ನಕಲಿಸಿ ಕಳಿಸಿ, ಅವರಿಗೆ ಹುಡುಕಲು ಬರುತ್ತದೆ.